ಕೇಸ್ ಶೀಟಿನಲ್ಲಿ ಕಾಣದ ದುಡಿಮೆ: ಗಡಿಸೀಮೆಯ ನರ್ಸ್ ಮತ್ತು ಎರಡು ನುಡಿ

ರೋಣ ತಾಲ್ಲೂಕಿನ ಮೆಣಸಗಿ ಇಂದಿನ ಭೂಪಟದಲ್ಲಿ ಯಾವ ರಾಜ್ಯದ ಗಡಿಗೂ ತಾಗಿಕೊಂಡಿಲ್ಲವಾದರೂ, ಮಲಪ್ರಭೆಯ ದಂಡೆಯ ಈ ಊರನ್ನೂ ಅದರ ಸುತ್ತಣ ರೋಣ, ನರಗುಂದ, ಗಜೇಂದ್ರಗಡ ಸೀಮೆಯನ್ನೂ ಗಡಿನಾಡೆಂದು ಕರೆಯುವುದಕ್ಕೆ ಚರಿತ್ರೆಯ ಆಧಾರವಿದೆ. 1956ರ ನವೆಂಬರ್ 1ರವರೆಗೆ ಈ ಪ್ರದೇಶವು ಧಾರವಾಡ ಜಿಲ್ಲೆಯೊಡನೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಪೂರ್ವಕ್ಕಿರುವ ಯಲಬುರ್ಗಾ, ಕುಷ್ಟಗಿ ಕಡೆಯ ನೆಲವು 1948ರವರೆಗೆ ಹೈದರಾಬಾದಿನ ನಿಜಾಮರ ಕೈಯಲ್ಲಿದ್ದು, ಹಳಬರ ಬಾಯಲ್ಲಿ ‘ಮೊಗಲಾಯಿ’ ಎನಿಸಿಕೊಂಡಿತ್ತು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ನರಗುಂದದ ಬಾಬಾಸಾಹೇಬರ ಭಾವೆ ಮನೆತನವೂ ಗಜೇಂದ್ರಗಡದ ಘೋರ್ಪಡೆ ಮನೆತನವೂ ಮರಾಠಿ ಮೂಲದವು. ಕನ್ನಡವನ್ನಾಡುವ ಜನ ಒಂದು ಮಗ್ಗುಲಲ್ಲಿ ಮರಾಠಿಯ, ಇನ್ನೊಂದು ಮಗ್ಗುಲಲ್ಲಿ ಉರ್ದುವಿನ ಕಚೇರಿಗಳಿಗೆ ಅಲೆದ ಆ ಕಾಲದ ಗೆರೆಗಳು ಭೂಪಟದಿಂದ ಅಳಿದರೂ ಮಾತಿನಿಂದ ಅಳಿದಿಲ್ಲ. ಆಸ್ಪತ್ರೆಯ ಮಾತಿನಲ್ಲಿ ಅವು ಎಷ್ಟು ಸ್ಪಷ್ಟವಾಗಿ ಉಳಿದಿವೆಯೆಂದರೆ, ಅಲ್ಲಿ ದುಡಿಯುವ ನರ್ಸ್ ದಿನವೂ ಅವುಗಳನ್ನು ದಾಟಬೇಕಾಗುತ್ತದೆ.

ಈ ಸೀಮೆಯಲ್ಲಿ ಆಸ್ಪತ್ರೆಗೆ ‘ದವಾಖಾನಿ’ ಎನ್ನುತ್ತಾರೆ. ಅದು ಪಾರಸಿ-ಉರ್ದುವಿನ ಬಳುವಳಿ. ಮೈಗೆ ಸೌಖ್ಯವಿಲ್ಲ ಎನ್ನುವುದಕ್ಕೆ ‘ಅರಾಮ ಇಲ್ರಿ’ ಎಂಬ ಮಾತೂ ಅದೇ ದಾರಿಯಲ್ಲಿ ಬಂದದ್ದು. ನೋವು, ಉಸಿರಿನ ತೊಡಕು, ಮನೆಯ ಕಷ್ಟ ಇವೆಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಡುವ ‘ತ್ರಾಸ’ ಮರಾಠಿಯೊಡನೆ ಹಂಚಿಕೊಂಡ ಪದ. ತಲೆ ಸುತ್ತುವುದಕ್ಕೆ ‘ಚಕ್ಕರ್’ ಎನ್ನುವುದೂ ಮಲವಿಸರ್ಜನೆಗೆ ‘ಸಂಡಾಸ’ ಎನ್ನುವುದೂ ಅಂತಹವೇ. ಇವುಗಳ ನಡುವೆ ಕನ್ನಡದ ‘ಬ್ಯಾನಿ’ ಇದೆ. ಗ್ರಂಥದ ಕನ್ನಡದಲ್ಲಿ ಬೇನೆ ಎಂದರೆ ರೋಗ ಅಥವಾ ನೋವು. ಆದರೆ ದಿನ ತುಂಬಿದ ಬಸುರಿಗೆ ‘ಬ್ಯಾನಿ ಹತ್ಯಾವು’ ಎಂದು ಅವಳ ತಾಯಿ ಹೇಳಿದರೆ ಹೆರಿಗೆಯ ನೋವು ಶುರುವಾಗಿದೆ ಎಂದೇ ಅರ್ಥ, ಮತ್ತು ಆ ಮಾತನ್ನು ಕೇಳಿದ ನರ್ಸ್ ತಡಮಾಡುವಂತಿಲ್ಲ. ಹೀಗಾಗಿ ಮೈಸೂರು ಅಥವಾ ಕರಾವಳಿಯಿಂದ ಇಲ್ಲಿಗೆ ವರ್ಗವಾಗಿ ಬಂದ ಕನ್ನಡತಿಯೂ ಮೊದಲ ಕೆಲವು ತಿಂಗಳು ಇನ್ನೊಂದು ಭಾಷೆಯನ್ನು ಕಲಿಯುವವಳಂತೆಯೇ ಕಲಿಯಬೇಕಾಗುತ್ತದೆ.

ಈ ಕಲಿಕೆ ಶುಶ್ರೂಷೆಯ ನಡುಗಂಬವೇ ಆಗಿದೆ ಎಂಬುದನ್ನು ತಿಳಿಯಲು ನೋವನ್ನು ಅಳೆಯುವ ಕ್ರಮವನ್ನು ನೋಡಬಹುದು. ಆಧುನಿಕ ಆಸ್ಪತ್ರೆಗಳಲ್ಲಿ ರೋಗಿಯ ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕೆಯಲ್ಲಿ ದಾಖಲಿಸುವ ಪದ್ಧತಿಯಿದೆ; ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ತಾಳಲಾಗದಷ್ಟು ನೋವು. ಹೊಲದಲ್ಲಿ ದುಡಿದು ಬಂದ ಮುದುಕನೊಬ್ಬನಿಗೆ ಈ ಅಂಕೆ ಏನನ್ನೂ ಹೇಳದಿರಬಹುದು. ಆದರೆ ‘ರೂಪಾಯಿದಾಗ ಎಷ್ಟಾಣೆ ಕಡಿಮಿ ಆಗೇತ್ರಿ?’ ಎಂದು ಕೇಳಿದರೆ ಅವನು ‘ಎಂಟಾಣೆ’ ಎಂದೋ ‘ಹನ್ನೆರಡಾಣೆ’ ಎಂದೋ ತಕ್ಷಣ ಹೇಳಬಲ್ಲ. ಚಲಾವಣೆಯಿಂದ ಎಂದೋ ಹೋದ ಆಣೆಯು ಹದಿನಾರು ಭಾಗಗಳ ಒಂದು ಅಳತೆಗೋಲಾಗಿ ಜನರ ಮನಸ್ಸಿನಲ್ಲಿ ಉಳಿದಿದೆ. ಅದನ್ನು ಬಲ್ಲ ನರ್ಸ್ ಎಂಟಾಣೆಯನ್ನು ಕೇಳಿಸಿಕೊಂಡು, ಅದನ್ನು ಅಂಕೆಗೆ ತಿರುಗಿಸಿ, ಇಂಗ್ಲಿಷಿನಲ್ಲಿ ಕೇಸ್ ಶೀಟಿಗೆ, ಅಂದರೆ ರೋಗಿಯ ಸ್ಥಿತಿ ಮತ್ತು ಚಿಕಿತ್ಸೆಯ ದಾಖಲೆಗೆ, ಇಳಿಸುತ್ತಾಳೆ. ಕಿವಿಗೆ ಬಿದ್ದದ್ದು ಒಂದು ನುಡಿಯಲ್ಲಿ, ಬರೆದದ್ದು ಇನ್ನೊಂದರಲ್ಲಿ. ನಡುವಿನ ಅನುವಾದಕ್ಕೆ ಆ ಹಾಳೆಯಲ್ಲಿ ಜಾಗವಿಲ್ಲ.

ಊರು ಬಿಟ್ಟು ಕೆಲಸಕ್ಕೆ ಹೋದ ನರ್ಸಿಗೆ ಈ ಅನುವಾದದ ಹೊರೆ ಇಮ್ಮಡಿಯಾಗುತ್ತದೆ. ಮೆಣಸಗಿ ಸೀಮೆಯ ಹೆಣ್ಣುಮಗಳೊಬ್ಬಳು ನರ್ಸಿಂಗ್ ಓದಿದರೆ ಅವಳ ಮುಂದೆ ತೆರೆಯುವ ದಾರಿಗಳು ಗದಗ, ಹುಬ್ಬಳ್ಳಿ, ಬೆಳಗಾವಿಗಳಲ್ಲಿ ನಿಲ್ಲದೆ ಮಿರಜ, ಸಾಂಗ್ಲಿ, ಸೊಲ್ಲಾಪುರ, ಗೋವಾಗಳವರೆಗೆ ಚಾಚಿಕೊಂಡಿವೆ. ಮಿರಜಿನಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಆರಂಭಿಸಿದ ಆಸ್ಪತ್ರೆಗೆ ಬೆಳಗಾವಿ, ವಿಜಯಪುರ ಕಡೆಯ ಕನ್ನಡಿಗರು ತಲೆಮಾರುಗಳಿಂದ ಹೋಗುತ್ತ ಬಂದಿದ್ದಾರೆ. ಭಾಷಾವಾರು ವಿಂಗಡಣೆಯ ನಂತರವೂ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಅನೇಕ ಕನ್ನಡದ ಊರುಗಳು ಮಹಾರಾಷ್ಟ್ರದಲ್ಲಿಯೇ ಉಳಿದವು. ದುಡಿಮೆಗಾಗಿ ಗೋವೆಗೆ ಹೋಗಿ ವಾಸ್ಕೊ ಸುತ್ತಮುತ್ತ ನೆಲೆಸಿದ ಉತ್ತರ ಕರ್ನಾಟಕದವರಂತೂ ಕಾಯಿಲೆ ಬಿದ್ದಾಗ ಕೊಂಕಣಿ ಮಾತಾಡುವ ವಾರ್ಡಿನಲ್ಲಿ ಮಲಗುತ್ತಾರೆ. ಅಲ್ಲೆಲ್ಲ ‘ಕನ್ನಡ ಬರುವ ಸಿಸ್ಟರ್ ಯಾರಿದ್ದಾರೆ?’ ಎಂಬ ಕೂಗು ಎದ್ದಾಗ ತನ್ನ ಪಾಲಿನ ರೋಗಿಗಳನ್ನು ಬಿಟ್ಟು ಓಡಬೇಕಾದವಳು ಈ ಸೀಮೆಯ ನರ್ಸ್.

ಅವಳು ಬಿಡಿಸಬೇಕಾದ ತೊಡಕುಗಳು ಸಣ್ಣವಾಗಿ ಕಂಡರೂ ಅವುಗಳ ಪರಿಣಾಮ ಸಣ್ಣದಲ್ಲ. ಕನ್ನಡದ ರೋಗಿ ‘ಊಟ’ ಎಂದು ಕೇಳಿದರೆ, ‘ಊಠ’ ಎಂದರೆ ಏಳು ಎಂದು ತಿಳಿಯುವ ಮರಾಠಿ ಕಿವಿಗೆ ಅದು ಬೇರೆಯೇ ಮಾತಾಗುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ಬರಿಹೊಟ್ಟೆಯಲ್ಲಿರಬೇಕಾದವನು ಉಂಡಿದ್ದಾನೆಯೇ ಎಂದು ತಿಳಿಯಬೇಕಾದ ಹೊತ್ತಿನಲ್ಲಿ ಈ ಗೊಂದಲ ಅಪಾಯಕಾರಿ. ‘ಹಾಲು’ ಕನ್ನಡದಲ್ಲಿ ಕುಡಿಯುವ ವಸ್ತು, ಮರಾಠಿಯ ‘ಹಾಲ’ ಪಡುವ ಪಾಡು. ಮರಾಠಿಯಲ್ಲಿ ‘ತಾಪ’ ಎಂದರೆ ಜ್ವರ. ಕನ್ನಡಿಗನ ತಾಪವಾದರೋ ಬಿಸಿಲಿನದ್ದೂ ಆಗಬಹುದು, ಮನಸ್ಸಿನದ್ದೂ ಆಗಬಹುದು. ಇದರ ಜೊತೆಗೆ ಎರಡೂ ನುಡಿಗಳನ್ನು ಬೆಸೆಯುವ ಪದಗಳೂ ಉಂಟು: ಕನ್ನಡದ ಬಾಣಂತಿ ಮರಾಠಿಯಲ್ಲಿ ಬಾಳಂತೀಣ, ಅಕ್ಕ ಎರಡರಲ್ಲಿಯೂ ಅಕ್ಕ, ಮಾಮಾ ಎರಡರಲ್ಲಿಯೂ ಮಾಮಾ. ಅನುಭವವುಳ್ಳ ನರ್ಸ್ ಇಂತಹ ಹಂಚಿಕೊಂಡ ಪದಗಳನ್ನೇ ಹಿಡಿದು ಮಾತಿಗೆ ಮೊದಲಿಡುತ್ತಾಳೆ.

ದಕ್ಷಿಣದ ತುದಿಯಲ್ಲಿ, 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ, ಇದೇ ಪ್ರಶ್ನೆ ಮಲಯಾಳದ ರೂಪದಲ್ಲಿ ಎದುರಾಗುತ್ತದೆ. ಮಲಯಾಳದಲ್ಲಿ ‘ಪನಿ’ ಎಂದರೆ ಜ್ವರ. ಹಳಗನ್ನಡ ಬಲ್ಲವನಿಗೆ ಅದು ಹನಿ, ಹಿಂದಿಯ ಕಿವಿಗೆ ನೀರು. ಕನ್ನಡದ ಮುದುಕಿ ತನ್ನ ಜಿಲ್ಲೆಯ ಆಸ್ಪತ್ರೆಯಲ್ಲಿ ಮಲಯಾಳಿ ನರ್ಸಿನೆದುರು ಮಾತಿಗೆ ತಡಕಾಡುವಾಗ, ಎರಡೂ ಭಾಷೆಗಳಲ್ಲಿ ಒಂದೇ ಆಗಿ ಉಳಿದಿರುವ ‘ನೋವು’ ಎಂಬ ಪದವೇ ಮೊದಲ ಆಸರೆ. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಕಾರಣಕ್ಕೆ ತಲಪಾಡಿಯ ಗಡಿ ಮುಚ್ಚಿದಾಗ, ಚಿಕಿತ್ಸೆಗೆ ಮಂಗಳೂರನ್ನು ನೆಚ್ಚಿಕೊಂಡಿದ್ದ ಕಾಸರಗೋಡಿನ ರೋಗಿಗಳ ಸಂಕಟ ಕೇರಳ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟುಗಳವರೆಗೆ ಹೋದುದನ್ನು ನೆನೆದರೆ, ಗಡಿಯ ಜನರಿಗೆ ಆಸ್ಪತ್ರೆಯ ದಾರಿ ಎಷ್ಟು ಮುಖ್ಯವೆಂಬುದು ತಿಳಿಯುತ್ತದೆ.

ಪದಗಳಿಗಿಂತ ಸೂಕ್ಷ್ಮವಾದದ್ದು ಮರ್ಯಾದೆಯ ವ್ಯಾಕರಣ. ಕರ್ನಾಟಕದ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಇಲ್ಲಿಯೇ ಕೆಲಸಕ್ಕೆ ನಿಂತ ಕೇರಳದ ಹೆಣ್ಣುಮಕ್ಕಳ ಸೇವೆಯನ್ನು ಈ ನಾಡು ಮರೆಯುವಂತಿಲ್ಲ. ಆದರೆ ಹೊಸ ಭಾಷೆ ಕಲಿಯುವವರಿಗೆ ಮೊದಲು ಬರುವುದು ‘ಬಾ’, ‘ಕೂತ್ಕೋ’, ‘ತಗೋ’ ಎಂಬ ಏಕವಚನದ ಕ್ರಿಯಾಪದಗಳು. ಮಾತಿನ ಕೊನೆಗೆ ‘ರಿ’ ಹಚ್ಚದೆ ಹಿರಿಯರೊಡನೆ ಮಾತಾಡುವುದು ಈ ಸೀಮೆಯಲ್ಲಿ ಅವಮಾನವೆಂದೇ ಎಣಿಕೆಯಾಗುವುದರಿಂದ, ಮನಸ್ಸಿನಲ್ಲಿ ಯಾವ ಉಪೇಕ್ಷೆಯೂ ಇಲ್ಲದ ನರ್ಸ್ ಒರಟಳೆಂದು ದೂರಿಗೆ ಗುರಿಯಾಗುತ್ತಾಳೆ. ‘ಕೂಡ್ರಿ ಅಜ್ಜಾರ’, ‘ಗುಳಿಗಿ ತಗೋರಿ ಕಾಕಾ’ ಎನ್ನಲು ಅವಳಿಗೆ ಯಾರಾದರೂ ಹೇಳಿಕೊಟ್ಟರೆ ಆ ದೂರು ಹುಟ್ಟುವುದೇ ಇಲ್ಲ. ಅದೇ ಜನ ತಮ್ಮನ್ನು ಉಪಚರಿಸುವವಳನ್ನು ‘ಅಕ್ಕಾರ’, ‘ನರ್ಸಬಾಯಾರ’ ಎಂದು ಕರೆಯುತ್ತಾರೆ. ಸರಕಾರಿ ಕಡತಗಳಲ್ಲಿ ಅವಳೀಗ ‘ಶುಶ್ರೂಷಾಧಿಕಾರಿ’. ಹೇಳಿಕೊಡುವ ಕೆಲಸವೂ ವಾರ್ಡಿನ ಸ್ಥಳೀಯ ನರ್ಸಿನ ಪಾಲಿಗೇ ಬೀಳುತ್ತದೆ, ಅದಕ್ಕೂ ಹೊತ್ತು ಗೊತ್ತುಮಾಡಿರುವುದಿಲ್ಲ. ಬೋಧನಾ ಆಸ್ಪತ್ರೆಯಲ್ಲಿ ಮೂವರು ರೋಗಿಗಳಿಗೆ, ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬ ನರ್ಸ್ ಇರಬೇಕೆಂಬ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡವು ರೋಗಿಗಳ ತಲೆಯನ್ನು ಎಣಿಸುತ್ತದೆ, ಅವರ ಭಾಷೆಗಳನ್ನು ಎಣಿಸುವುದಿಲ್ಲ.

ಇಷ್ಟೆಲ್ಲ ಕೆಲಸಕ್ಕೆ ಬರುವ ಈ ಭಾಷಾಬಲವು ವೃತ್ತಿಯ ಏಣಿಯಲ್ಲಿ ಮಾತ್ರ ಯಾವ ಮೆಟ್ಟಿಲೂ ಆಗುವುದಿಲ್ಲ ಎಂಬುದೇ ವಿಷಾದದ ಸಂಗತಿ. ನರ್ಸಿಂಗಿನಲ್ಲಿ ಎರಡು ಮುಖ್ಯ ಪ್ರವೇಶದ್ವಾರಗಳಿವೆ: ಯಾವ ವಿಭಾಗದಲ್ಲಿ ಪಿಯುಸಿ ಮುಗಿಸಿದವರೂ ಸೇರಬಹುದಾದ ಮೂರು ವರ್ಷಗಳ ಜಿಎನ್‌ಎಂ ಡಿಪ್ಲೊಮಾ ಮತ್ತು ವಿಜ್ಞಾನ ಓದಿದವರಿಗೆ ಮೀಸಲಾದ ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್. ಹಳ್ಳಿಯ ಕನ್ನಡ ಮಾಧ್ಯಮದಲ್ಲಿ ಕಲಿತು ಕಲಾವಿಭಾಗ ಹಿಡಿದ ಹುಡುಗಿಗೆ ಎರಡನೆಯ ಬಾಗಿಲು ತೆರೆಯುವುದಿಲ್ಲ. ಮೊದಲನೆಯದನ್ನು ಹೊಕ್ಕು, ಇಂಗ್ಲಿಷಿನ ಪಠ್ಯವನ್ನು ಹೆಣಗಿ ಓದಿ ಮುಗಿಸಿ, ಮುಂದೆ ಬೋಧಕಿಯಾಗಲು ಬಯಸಿದರೆ ಅವಳು ಇನ್ನೂ ಎರಡು ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬೇಕು. ರೋಗಿಯ ಮಾತನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಇಂಗ್ಲಿಷಿನ ಅಂಜಿಕೆಯಿಂದ ಸಭೆಯಲ್ಲಿ ಬಾಯಿ ತೆರೆಯದೆ ಕುಳಿತುಕೊಳ್ಳುವುದು ಈ ವ್ಯವಸ್ಥೆಯ ಫಲ. ರಾಜ್ಯ ದಾಟಿದರೆ ಇನ್ನೊಂದು ತೊಡಕು: ಕರ್ನಾಟಕದ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವಳು ಮಹಾರಾಷ್ಟ್ರದಲ್ಲಿ ಕೆಲಸ ಮಾಡಬೇಕಾದರೆ ಅಲ್ಲಿನ ಪರಿಷತ್ತಿನಲ್ಲಿಯೂ ನೋಂದಾಯಿಸಿಕೊಳ್ಳಬೇಕು. ರಾಷ್ಟ್ರಮಟ್ಟದ ಒಂದೇ ನೋಂದಣಿಪಟ್ಟಿಗೆ ಅವಕಾಶ ಕೊಡುವ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಬಂದದ್ದು 2023ರಲ್ಲಿ.

ವೇತನದ ಮಾತೂ ಹೀಗೆಯೇ. ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ನೀಡಿದ ನಿರ್ದೇಶನದಂತೆ ರಚನೆಯಾದ ಕೇಂದ್ರದ ಸಮಿತಿಯು, 200ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳು ಸರಕಾರಿ ನರ್ಸಿಗೆ ಸಮನಾದ ಸಂಬಳ ಕೊಡಬೇಕೆಂದೂ 50ಕ್ಕಿಂತ ಕಡಿಮೆ ಹಾಸಿಗೆಗಳ ಆಸ್ಪತ್ರೆಗಳಲ್ಲಿಯೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಾಗಬಾರದೆಂದೂ ಶಿಫಾರಸು ಮಾಡಿತು. ಹಾಸಿಗೆಗಳ ಲೆಕ್ಕದಲ್ಲಿ ಸಂಬಳ ಗೊತ್ತುಮಾಡಿದ ಆ ಶಿಫಾರಸು ನರ್ಸುಗಳ ಬದುಕಿಗೆ ಅತ್ಯಗತ್ಯವಾದದ್ದು. ಎರಡು ಮೂರು ನುಡಿಗಳಲ್ಲಿ ದುಡಿಯುವವಳ ಹೆಚ್ಚುವರಿ ಕೌಶಲಕ್ಕೆ ಮಾತ್ರ ಅದರಲ್ಲಿಯೂ ಬೆಲೆಯಿಲ್ಲ.

ಭಾಷೆಗೆ ಬೆಲೆ ಕಟ್ಟುವ ಪದ್ಧತಿ ಲೋಕದಲ್ಲಿ ಇಲ್ಲದಿಲ್ಲ. ಬ್ರಿಟನ್ನಿಗೆ ಹೋಗಬಯಸುವ ಭಾರತದ ನರ್ಸ್ ರೋಗಿಯೊಡನೆ ಸಂಭಾಷಿಸುವ ಅಭ್ಯಾಸವನ್ನೂ ಒಳಗೊಂಡ ಓಇಟಿಯಂತಹ ಇಂಗ್ಲಿಷ್ ಪರೀಕ್ಷೆಯನ್ನು ಗೆಲ್ಲಬೇಕು. ಜರ್ಮನಿಯು ಸಾಮಾನ್ಯವಾಗಿ ತನ್ನ ಭಾಷೆಯಲ್ಲಿ ಬಿ-2 ಎಂಬ ಮಟ್ಟವನ್ನು, ಅಂದರೆ ತಡೆಯಿಲ್ಲದೆ ಮಾತಾಡಬಲ್ಲ ಮಟ್ಟವನ್ನು, ಕೇಳುತ್ತದೆ. ರೋಗಿಯ ಮಾತು ತಿಳಿಯದವರ ಕೈಗೆ ರೋಗಿಯನ್ನು ಒಪ್ಪಿಸಬಾರದು ಎಂಬ ವಿವೇಕ ಅದರ ಹಿಂದಿದೆ. ಆ ವಿವೇಕ ಈ ಸೀಮೆಗೂ ಹೊಸತಲ್ಲ. 1840ರ ದಶಕದಿಂದ ಬೆಟಗೇರಿಯಲ್ಲಿ ನೆಲೆಯೂರಿ, ಮುಂದೆ ಜನರು ‘ಜರ್ಮನ್ ಆಸ್ಪತ್ರೆ’ ಎಂದು ಕರೆದ ದವಾಖಾನೆಯನ್ನು ನಡೆಸಿದ ಬಾಸೆಲ್ ಮಿಷನ್ನಿನವರು ಜನರ ಭಾಷೆಯನ್ನು ಕಲಿಯುವುದನ್ನೇ ತಮ್ಮ ಮೊದಲ ಕೆಲಸವೆಂದು ಬಗೆದಿದ್ದರು. 1894ರಲ್ಲಿ ಅಚ್ಚಾದ ಕಿಟೆಲರ ಕನ್ನಡ ನಿಘಂಟು ಅದೇ ಮಿಷನ್ನಿನ ದುಡಿಮೆಯ ಫಲ. ಕಾನೂನು ಕೂಡ ಈ ದಿಕ್ಕಿಗೆ ನಡೆದಿದೆ: 2017ರ ಮಾನಸಿಕ ಆರೋಗ್ಯ ಕಾಯ್ದೆಯು ರೋಗಿಗೆ ತಿಳಿಯುವ ಭಾಷೆಯಲ್ಲಿಯೇ ಮಾಹಿತಿ ಕೊಡಬೇಕೆನ್ನುತ್ತದೆ. ಹಕ್ಕನ್ನು ಬರೆದಿಟ್ಟಿದ್ದಾಯಿತು, ಆ ಹಕ್ಕನ್ನು ನಡೆಸಿಕೊಡುವವಳು ಯಾರು ಎಂಬುದನ್ನು ಬರೆದಿಡುವುದು ಬಾಕಿ ಉಳಿದಿದೆ.

ನರ್ಸಿಂಗಿನ ವಿದ್ಯಾರ್ಥಿನಿಗೆ ಮೊದಲ ವರ್ಷದಿಂದಲೇ ಕಲಿಸುವ ಒಂದು ನಿಯಮವಿದೆ: ದಾಖಲೆಯಲ್ಲಿ ಬರೆಯದ ಕೆಲಸ ಮಾಡದ ಕೆಲಸಕ್ಕೆ ಸಮ. ಕೊಟ್ಟ ಔಷಧ, ಏರಿಸಿದ ಸಲಾಯಿನ್, ನೋಡಿದ ನಾಡಿ ಎಲ್ಲಕ್ಕೂ ಹಾಳೆಯಲ್ಲಿ ಅಂಕಣವಿದೆ. ಎಂಟಾಣೆಯನ್ನು ಅಂಕೆಗೆ ತಿರುಗಿಸಿದ್ದಕ್ಕೆ, ಊಟದ ಗೊಂದಲವನ್ನು ಬಿಡಿಸಿದ್ದಕ್ಕೆ, ಹೊಸ ಸಹೋದ್ಯೋಗಿಗೆ ‘ರಿ’ ಹಚ್ಚಲು ಕಲಿಸಿದ್ದಕ್ಕೆ ಅಂಕಣವಿಲ್ಲದ್ದರಿಂದ, ವೃತ್ತಿಯ ಅದೇ ನಿಯಮದ ಪ್ರಕಾರ, ಗಡಿಸೀಮೆಯ ನರ್ಸ್ ದಿನವಿಡೀ ಮಾಡಿದ ಈ ಕೆಲಸವನ್ನು ಮಾಡಿಯೇ ಇಲ್ಲ ಎಂದಾಗುತ್ತದೆ. ಆದಕಾರಣ ಬೇಡಿಕೆ ಸರಳವಾಗಿ ಆರಂಭವಾಗಬಹುದು: ದಾಖಲಾಗುವ ದಿನವೇ ಕೇಸ್ ಶೀಟಿನ ಮೊದಲ ಪುಟದಲ್ಲಿ ರೋಗಿಯ ಭಾಷೆ ಯಾವುದು ಎಂದು ಬರೆಯುವ ಒಂದು ಸಾಲು, ಆ ಭಾಷೆಯಲ್ಲಿ ಅವನಿಗೆ ತಿಳಿಸಿಹೇಳಿದವರು ಯಾರು ಎಂಬ ಇನ್ನೊಂದು ಸಾಲು. ಎರಡನೆಯ ಸಾಲಿನಲ್ಲಿ ವರ್ಷವಿಡೀ ಕೂಡಿಬಂದ ಸಹಿಗಳನ್ನು ಬಡ್ತಿಯ, ನೇಮಕದ, ಭತ್ಯೆಯ ಹೊತ್ತಿನಲ್ಲಿ ತೆರೆದು ನೋಡಿದರೆ, ಮೆಣಸಗಿಯ ಅವ್ವನ ಮಡಿಲಿನಲ್ಲಿ ಕಲಿತ ನುಡಿಯೂ ವಿದ್ಯೆಯೇ ಎಂಬುದಕ್ಕೆ ಬೇರೆ ಪ್ರಮಾಣಪತ್ರ ಬೇಕಾಗುವುದಿಲ್ಲ.