ಹೊಸ ಲ್ಯಾಪ್‌ಟಾಪೂ ಅಮ್ಮನ ಹಸೆ ಹಾಡುಗಳೂ

ಸಂಸಾರಕ್ಕೆ ಹೊಸ ಸಾಮಾನು ಬರುವುದೆಂದರೆ ಹಿಂದೆ ಅದೊಂದು ಸಣ್ಣ ಹಬ್ಬ. ಹೊಲಿಗೆ ಯಂತ್ರ ಬಂದರೆ ಅದಕ್ಕೆ ಕುಂಕುಮವಿಡುತ್ತಿದ್ದರು. ರೇಡಿಯೋ ಬಂದರೆ ಅಂಚೆ ಕಚೇರಿಗೆ ಹೋಗಿ ಲೈಸೆನ್ಸಿನ ಹಣ ಕಟ್ಟಿ ಬರುತ್ತಿದ್ದರು. ತಂದದ್ದು ಇಪ್ಪತ್ತು ವರ್ಷವಾದರೂ ಬಾಳುತ್ತದೆಂಬ ಧೈರ್ಯವಿತ್ತು. ಲ್ಯಾಪ್‌ಟಾಪಿನ ಜಾತಕವೇ ಬೇರೆ. ತನ್ನ ಪಾಡಿಗೆ ತಾನು ದುಡಿಯುತ್ತಿರುವಾಗಲೇ ಅದಕ್ಕೆ ಎಲ್ಲಿಂದಲೋ ನಿವೃತ್ತಿಯ ಆಜ್ಞೆ ಬಂದುಬಿಡುತ್ತದೆ.

ನಮ್ಮ ಹಳೆಯ ಲ್ಯಾಪ್‌ಟಾಪು 2014ರಲ್ಲಿ ಕೊಂಡದ್ದು. ಕೀಲು ಸಡಿಲವಾಗಿ, ಪರದೆಯ ಬೆನ್ನಿಗೆ ನಿಘಂಟಿನ ಆಸರೆ ಕೊಡಬೇಕಾಗಿತ್ತು. ಆದರೂ ಕೆಲಸ ನಡೆದಿತ್ತು. ಅದರಲ್ಲಿದ್ದ ವಿಂಡೋಸ್ 10ಕ್ಕೆ ಎಂದಿನಂತೆ ಬರುತ್ತಿದ್ದ ರಕ್ಷಣೆಯ ತಿದ್ದುಪಡಿಗಳು 2025ರ ಅಕ್ಟೋಬರ್ 14ಕ್ಕೆ ಮುಗಿದವು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿ.ಪಿ.ಎಂ. 2.0 ಎಂಬ ರಕ್ಷಣಾ ಭಾಗವೂ ಹೊಸ ತಲೆಮಾರಿನ ಪ್ರೊಸೆಸರೂ ಬೇಕು. ನಮ್ಮ ಮುದುಕನಲ್ಲಿ ಎರಡೂ ಇಲ್ಲ. ಹೆಸರು ನೋಂದಾಯಿಸಿ ಇನ್ನೊಂದು ವರ್ಷ ದೂಡುವ ದಾರಿಯೂ ಇತ್ತೆನ್ನಿ. ಆದರೆ ಸಡಿಲಾದ ಕೀಲನ್ನು ನೋಂದಣಿ ಬಿಗಿ ಮಾಡೀತೆ?

ಇಲ್ಲಿ 'ನಾವು' ಎಂದರೆ ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿರುವ ಗಂಡಹೆಂಡಿರಿಬ್ಬರು. ಮಾಘದಲ್ಲಿ ಮಗಳ ಮದುವೆ ಗೊತ್ತಾಗಿತ್ತು. ಅವಳು ಪುಣೆಯಿಂದ ಫೋನು ಮಾಡಿ, "ಅಮ್ಮಾ, ಅಜ್ಜಿಯ ಹಾಡು ಹೇಳದೆ ನಾನು ಹಸೆಯ ಮೇಲೆ ಕೂರುವುದಿಲ್ಲ, ಅಪ್ಪನಿಗೂ ಹೇಳು" ಎಂದುಬಿಟ್ಟಳು. ಅಜ್ಜಿ ಎಂದರೆ ನಮ್ಮಲ್ಲಿ ಒಬ್ಬರಿಗೆ ತಾಯಿ, ಇನ್ನೊಬ್ಬರಿಗೆ ಅತ್ತೆ, ಇಬ್ಬರಿಗೂ ಅಮ್ಮನೇ. ಸಾಗರದ ಕಡೆಯವರು. ಹಸೆಗೆ ಕರೆಯುವ ಹಾಡು, ಎಣ್ಣೆ ಶಾಸ್ತ್ರದ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು, ಎಲ್ಲ ಅವರ ಬಾಯಲ್ಲೇ. ಪುಸ್ತಕವೆಂಬುದು ಇರಲಿಲ್ಲ. 2009ರ ಮಳೆಗಾಲದಲ್ಲಿ ಅವರು ಹೇಳುತ್ತ ಹೋದಂತೆ ನಮ್ಮಲ್ಲೊಬ್ಬರು ಕಾಗದದ ಚೂರುಗಳ ಮೇಲೆ ಬರೆದುಕೊಳ್ಳುವುದು, ಇನ್ನೊಬ್ಬರು ಕಂಪ್ಯೂಟರಿನಲ್ಲಿ ಕೂಡಿಸುವುದು, ಹೀಗೆ 63 ಹಾಡುಗಳಾದವು. ಕಾಗದಗಳು ಎರಡು ಬಾಡಿಗೆ ಮನೆ ಬದಲಾಯಿಸುವುದರಲ್ಲಿ ಎಲ್ಲಿ ಹೋದವೋ! 2012ರಲ್ಲಿ ಅಮ್ಮ ತೀರಿಕೊಂಡರು. ಉಳಿದದ್ದು ಯಂತ್ರದಲ್ಲಿದ್ದ ಬರಹ ಮಾತ್ರ.

ಮದುವೆಯ ಖರ್ಚಿನ ನಡುವೆ ಲ್ಯಾಪ್‌ಟಾಪಿಗೆ ಎತ್ತಿಟ್ಟದ್ದು 40,000 ರೂಪಾಯಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ. ಹಾಸಿಗೆ ಎಷ್ಟುದ್ದವಿದೆಯೆಂದು ಮೊದಲೇ ಅಳೆದುಕೊಳ್ಳುವುದೂ ಬೇಕು. ಆದ್ದರಿಂದ ನಮ್ಮ ಕೆಲಸಗಳ ಪಟ್ಟಿ ಮಾಡಿದೆವು: ಕನ್ನಡ ಬರೆಯುವುದು, ಬ್ಯಾಂಕಿನ ವ್ಯವಹಾರ, ಮಕ್ಕಳೊಡನೆ ಮುಖ ನೋಡಿ ಮಾತು, ಒಂದೆರಡು ಸಿನಿಮಾ. ಇಷ್ಟಕ್ಕೆ ಆಟದ ಯಂತ್ರ ಬೇಡ. ಬೇಕಾದದ್ದು 8 ಜಿ.ಬಿ. ರ‍್ಯಾಮ್, ಮುಂದೆ ಹೆಚ್ಚಿಸಲು ಒಳಗೊಂದು ಖಾಲಿ ಜಾಗ, 512 ಜಿ.ಬಿ.ಯ ಎಸ್.ಎಸ್.ಡಿ., ಮತ್ತು ಫುಲ್ ಎಚ್.ಡಿ. ಪರದೆ. ಪರದೆಯ ಮೇಲೆ ನಾವು ಹಟ ಹಿಡಿದದ್ದಕ್ಕೆ ಕಾರಣವುಂಟು. ಇಂಗ್ಲಿಷ್ ಅಕ್ಷರ ಮಂಕಾದರೂ ಓದಬಹುದು; ಕನ್ನಡದ ಒತ್ತಕ್ಷರ ಕೆಳಗೆ ಸಣ್ಣದಾಗಿ ಕುಳಿತಿರುತ್ತದೆ, ಮಂಕಾದರೆ 'ತ'ದ ಒತ್ತೋ 'ನ'ದ ಒತ್ತೋ ತಿಳಿಯದೆ ಅರವತ್ತು ದಾಟಿದ ಕಣ್ಣು ಸೋಲುತ್ತದೆ.

ಒಂದು ಭಾನುವಾರ ಬಿಟ್ಟು, ಅಂಗಡಿ ತೆರೆದಿರುವ ದಿನ ನೋಡಿ, ದಾದರಿನಲ್ಲಿ ಗಾಡಿ ಬದಲಿಸಿ ಗ್ರ್ಯಾಂಟ್ ರೋಡಿನಲ್ಲಿಳಿದು ಲ್ಯಾಮಿಂಗ್ಟನ್ ರೋಡಿಗೆ ನಡೆದೆವು. ಮುಂಬಯಿಯಲ್ಲಿ ಈ ಸಾಮಾನುಗಳಿಗೆ ಅದೇ ಪೇಟೆ; ದಿಲ್ಲಿಯವರಿಗೆ ನೆಹರು ಪ್ಲೇಸ್, ಚೆನ್ನೈಯವರಿಗೆ ರಿಚಿ ಸ್ಟ್ರೀಟ್ ಇದ್ದಂತೆ. ಮೊದಲ ಅಂಗಡಿಯಾತ 22,000ಕ್ಕೆ ಒಂದು ಚೆಲುವಾದ ಯಂತ್ರ ತೋರಿಸಿದ. ಅದರಲ್ಲಿ ಜಾಗ 64 ಜಿ.ಬಿ. ಮಾತ್ರ. ವಿಂಡೋಸ್ 11 ತನಗೆ ಕಡಮೆಯೆಂದರೆ 64 ಜಿ.ಬಿ.ಯ ಯಂತ್ರ ಬೇಕೆನ್ನುತ್ತದೆ. ಮನೆಯೊಡೆಯನೇ ಎರಡು ಕೋಣೆಯಲ್ಲೂ ಹಾಸಿಗೆ ಬಿಡಿಸಿದರೆ ಬಾಡಿಗೆಯವರು ಮಲಗುವುದೆಲ್ಲಿ? ಎರಡನೆಯ ಅಂಗಡಿಯ ಅಗ್ಗದ ಯಂತ್ರದಲ್ಲಿ ವಿಂಡೋಸೇ ಇರಲಿಲ್ಲ. ಅದನ್ನು ಬೇರೆ ಕೊಳ್ಳಬೇಕಂತೆ. ಮೂರನೆಯ ಕಡೆ ನಮ್ಮ ಪಟ್ಟಿಗೆ ಸರಿಹೋದದ್ದು 38,500ಕ್ಕೆ ದೊರೆಯಿತು. ಶೇಕಡಾ 18ರ ಜಿ.ಎಸ್.ಟಿ. ಅದರಲ್ಲೇ ಸೇರಿದೆಯೇ ಎಂದು ಎರಡು ಸಲ ಕೇಳಿ, ಡಬ್ಬದ ಮೇಲಿನ ಕ್ರಮಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಂಡೆವು. ಮುಂದೆ ವಾರಂಟಿ ಕೇಳಲು ಅದೇ ಆಧಾರ. ವೈರಸ್ ತಡೆಯುವ ತಂತ್ರಾಂಶವನ್ನೂ ಕೊಳ್ಳಿರೆಂದು ಅಂಗಡಿಯವರು ಬಹಳ ಒತ್ತಾಯಿಸಿದರು. ವಿಂಡೋಸಿನೊಳಗೇ ಆ ಕಾವಲುಗಾರ ಬರುತ್ತಾನೆಂದು ನಗುತ್ತ ಹೇಳಿ ಹೊರಬಿದ್ದೆವು.

ಮನೆಯಲ್ಲಿ ಅದನ್ನು ಅಣಿಗೊಳಿಸಲು ಒಂದು ಸಂಜೆ ಹಿಡಿಯಿತು. ಮನೆಯ ವೈಫೈಗೆ ಜೋಡಿಸುವುದು, ಖಾತೆ ತೆರೆಯುವುದು, ಪಾಸ್‌ವರ್ಡನ್ನು ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆಯದೆ ಬೇರೆ ಕಡೆ ಬರೆದಿಡುವುದು, ಬಂದ ತಿದ್ದುಪಡಿಗಳೆಲ್ಲ ಇಳಿಯುವವರೆಗೆ ಕಾಯುವುದು. ಪತ್ರ, ಲೆಕ್ಕಗಳಿಗಾಗಿ ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶ ಹಾಕಿದೆವು. ಕನ್ನಡಕ್ಕೆ ಏನನ್ನೂ ಕೊಳ್ಳಬೇಕಾಗಲಿಲ್ಲ. ಸೆಟ್ಟಿಂಗ್ಸಿನ ಭಾಷೆಯ ವಿಭಾಗದಲ್ಲಿ ಕನ್ನಡವನ್ನು ಸೇರಿಸಿದರೆ ಕೀಲಿಮಣೆ ಬರುತ್ತದೆ. ವಿಂಡೋಸ್ ಗುರುತಿನ ಕೀಲಿಯನ್ನೂ ಉದ್ದನೆಯ ಖಾಲಿ ಕೀಲಿಯನ್ನೂ ಒಟ್ಟಿಗೆ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ದಾಟಬಹುದು. ನಮ್ಮ ಬೆರಳಿಗೆ ಪಳಗಿರುವುದು ಕೆ. ಪಿ. ರಾಯರು ರೂಪಿಸಿದ ಕ್ರಮ. 'ನುಡಿ' ತಂತ್ರಾಂಶದಲ್ಲಿರುವುದು ಅದೇ. 'ಕೆ' ಒತ್ತಿದರೆ ಕ, 'ಎನ್' ಒತ್ತಿದರೆ ನ, ಒತ್ತಕ್ಷರ ಬೇಕಾದಲ್ಲಿ ನಡುವೆ 'ಎಫ್'. ಹೊಸ ನುಡಿಯನ್ನು ಇಳಿಸಿಕೊಂಡೆವು, ಅದೂ ಉಚಿತವೇ.

ಬಳಿಕ ಪೆನ್‌ಡ್ರೈವಿನಿಂದ ಅಮ್ಮನ ಹಾಡುಗಳನ್ನು ತೆರೆದೆವು. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು! ಒಂದರ ತಲೆಗೆ ಕೊಂಬು, ಇನ್ನೊಂದರ ಕಾಲಿಗೆ ಬಾಲ. ಕನ್ನಡವೆಂಬುದು ಒಂದಕ್ಷರವೂ ಇಲ್ಲ. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಸಮಾಧಾನದಿಂದ ವಿಚಾರಿಸಿದಾಗ ಸಂಗತಿ ತಿಳಿಯಿತು. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಸ್ಥಳ ದೊರೆತಿತ್ತು. ಆದರೆ ಮನೆಬಳಕೆಯ ಕಂಪ್ಯೂಟರು ಅದನ್ನು ಮೂಡಿಸತೊಡಗಿದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಅಕ್ಷರಶೈಲಿ ಬಂದ ಮೇಲೆ. ಅದಾದ ಮೇಲೂ ಬಹುಕಾಲ ಕನ್ನಡದ ಬರಹ ಹಳೆಯ ದಾರಿಯಲ್ಲೇ ನಡೆಯಿತು: ಒಳಗೆ ಇಂಗ್ಲಿಷ್ ಅಕ್ಷರದ ಸಂಖ್ಯೆ, ಮೇಲೆ ಕನ್ನಡದ ಅಂಗಿ. ಆ ಅಂಗಿಯೇ ಫಾಂಟು. ಹೊಸ ಯಂತ್ರದಲ್ಲಿ ಅಂಗಿ ಇರಲಿಲ್ಲ, ಅಷ್ಟೇ. ಹಳೆಯ ಯಂತ್ರದಿಂದ ಆ ಫಾಂಟನ್ನು ತಂದು ಹಾಕಿದೊಡನೆ ಹಾಡುಗಳು ಮುಖ ತೋರಿದವು. ಆಗ ನಮ್ಮಲ್ಲೊಬ್ಬರು ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿ ಬಂದರೆಂಬುದನ್ನು ಮುಚ್ಚಿಡುವುದೇಕೆ?

ಆದರೆ ಮದುವೆಗೆ ಹಾಡುವ ನಾದಿನಿಯರೆಲ್ಲ ಮೊಬೈಲಿನಲ್ಲಿ ಓದುವವರು. ಅಲ್ಲಿ ಈ ಅಂಗಿ ಸಾಗದು. ಹಳೆಯ ನುಡಿಯ ಬರಹವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. 63 ಹಾಡುಗಳೂ ಕೆಲವು ನಿಮಿಷದಲ್ಲಿ ದಾಟಿದವು. ದಾಟುವಾಗ ಕೆಲವು ಪೆಟ್ಟು ತಿಂದಿದ್ದವು: ಎಲ್ಲೋ ಅರ್ಕಾವತ್ತು ಪಕ್ಕದ ಅಕ್ಷರದ ಮೇಲೆ ಹೋಗಿ ಕುಳಿತಿತ್ತು, ಎಲ್ಲೋ ದೀರ್ಘ ಹಾರಿಹೋಗಿತ್ತು. ಹಳ್ಳಿಯ ಹಾಡಿನ ಮಾತು ನಿಘಂಟಿನಲ್ಲಿಲ್ಲ, ಯಂತ್ರಕ್ಕೆ ಗೊತ್ತಿಲ್ಲ. ತಿದ್ದುವುದು ಹೇಗೆ? ನಾವು ಹಾಡಿ ನೋಡಿದೆವು. ದೀರ್ಘ ತಪ್ಪಿದಲ್ಲಿ ಧಾಟಿ ಎಡವುತ್ತಿತ್ತು. ಅಮ್ಮ ಅಲ್ಲಿ ಹೇಗೆ ಎಳೆಯುತ್ತಿದ್ದರೆಂದು ಒಬ್ಬರಿಗೆ ಮರೆತರೆ ಇನ್ನೊಬ್ಬರಿಗೆ ನೆನಪಾಗುತ್ತಿತ್ತು. ದಿನಕ್ಕೆ ನಾಲ್ಕೈದರಂತೆ ಹದಿನೈದು ಸಂಜೆ ಹೀಗೆ ಕಳೆದವು. ಪಕ್ಕದ ಮನೆಯ ಮರಾಠಿ ಕಾಕೂ ಮೂರನೆಯ ದಿನ ಬಾಗಿಲಿಗೆ ಬಂದು, ಮದುವೆ ಇಷ್ಟು ಬೇಗ ಶುರುವಾಯಿತೇ ಎಂದು ಕೇಳಿದರು.

ಮಾಘದಲ್ಲಿ ಮಗಳು ಹಸೆಗೇರಿದಾಗ ಐವರು ಹೆಂಗಸರು ಮೊಬೈಲು ಹಿಡಿದು ಅಜ್ಜಿಯ ಹಾಡು ಹೇಳಿದರು. ಬೀಗರ ಹಾಸ್ಯದ ಹಾಡಿಗೆ ಬೀಗರೇ ಇನ್ನೊಮ್ಮೆ ಹೇಳಿರೆಂದರು.

ಈ ಪುಟ ಓದುವ ಎಷ್ಟೋ ಮನೆಗಳಲ್ಲಿ ಇಂಥ ಬರಹಗಳಿರುವುದುಂಟು: ತಂದೆಯವರ ನೆನಪುಗಳು, ಸಂಘದ ನಾಟಕಗಳು, ಅಡುಗೆಯ ಟಿಪ್ಪಣಿಗಳು. ಹಳೆಯ ಯಂತ್ರವನ್ನು ರದ್ದಿಯವನಿಗೆ ಕೊಡುವ ಮೊದಲು ಅವನ್ನು ತೆರೆದು ನೋಡಿ. ಬರಹದ ಜೊತೆ ಫಾಂಟನ್ನೂ ತೆಗೆದಿಟ್ಟುಕೊಳ್ಳಿ. ಯೂನಿಕೋಡಿಗೆ ದಾಟಿಸಿ, ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಒಂದು ಬಂಧುಗಳ ಮನೆಯಲ್ಲಿ, ಒಂದು ಕಾಗದದ ಮೇಲೆ ಇರಲಿ. ಮುಖ್ಯವಾಗಿ, ಹಾಡು ಬಲ್ಲವರು, ಹೆಸರು ಬಲ್ಲವರು ಇನ್ನೂ ಹತ್ತಿರವಿರುವಾಗಲೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿರಿ. ಆ ಕೆಲಸಕ್ಕೆ ಅಗ್ಗದ ಲ್ಯಾಪ್‌ಟಾಪು ಧಾರಾಳವಾಗಿ ಸಾಕು.