ಟ್ರಾಮ್ ಗದ್ದಲಕ್ಕೆ ಊರು ಬಿಟ್ಟವರ ದೂರದರ್ಶಕ

ಮ್ಯಾಂಚೆಸ್ಟರ್‌ನಿಂದ ದಕ್ಷಿಣಕ್ಕೆ, ಚೆಷೈರ್‌ನ ಹಸು ಮೇಯುವ ಬಯಲಿನಲ್ಲಿ ಕಾರು ಓಡಿಸುತ್ತಿದ್ದರೆ ಮರಗಳ ಮೇಲೆ ದೊಡ್ಡ ಬಿಳಿ ಬಾಣಲೆಯೊಂದು ಇಣುಕುತ್ತದೆ. ಅದೇ ಜೋಡ್ರೆಲ್ ಬ್ಯಾಂಕ್‌ನ ಲೊವೆಲ್ ದೂರದರ್ಶಕ. ಮಕ್ಕಳಿಗೆ ಮೊದಲೇ ಹೇಳಿಬಿಡಿ, ಇದರಲ್ಲಿ ಕಣ್ಣಿಟ್ಟು ನೋಡುವ ಕೊಳವೆ ಇಲ್ಲ. ಇದು ಆಕಾಶದ ರೇಡಿಯೋ ಅಲೆಗಳನ್ನು ಹಿಡಿಯುವ ಬಟ್ಟಲು. ಅಡ್ಡಗಲ 76 ಮೀಟರ್.

ಬರ್ನಾರ್ಡ್ ಲೊವೆಲ್ ಯುದ್ಧಕಾಲದಲ್ಲಿ ಬಾಂಬರ್ ವಿಮಾನಗಳ ರೇಡಾರ್ ಮೇಲೆ ದುಡಿದವರು. 1945ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಮರಳಿ, ಸೈನ್ಯದ ಹಳೆಯ ರೇಡಾರ್‌ನಿಂದ ಕಾಸ್ಮಿಕ್ ಕಿರಣಗಳ ಪ್ರತಿಧ್ವನಿ ಹುಡುಕಲು ಹೊರಟರು. ಆದರೆ ಆಕ್ಸ್‌ಫರ್ಡ್ ರಸ್ತೆಯ ಎಲೆಕ್ಟ್ರಿಕ್ ಟ್ರಾಮ್‌ಗಳು ಬಿಡಬೇಕಲ್ಲ! ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದವರಿಗೆ ಜೋಡ್ರೆಲ್ ಬ್ಯಾಂಕ್‌ನಲ್ಲಿ ಜಾಗವಿತ್ತು. ಆ ಡಿಸೆಂಬರಿನಲ್ಲಿ ಉಪಕರಣಗಳೆಲ್ಲ ಅಲ್ಲಿಗೆ ಹೋದವು. ಅಲ್ಲಿ ಕೇಳಿಸಿದ್ದು ಕಾಸ್ಮಿಕ್ ಕಿರಣವಲ್ಲ, ಉಲ್ಕೆಗಳ ಪ್ರತಿಧ್ವನಿ. ಸಂಶೋಧನೆಯಲ್ಲಿ ಹೀಗಾಗುವುದು ಹೊಸತೇನಲ್ಲ.

ದೊಡ್ಡ ಬಟ್ಟಲಿನ ಎಂಜಿನಿಯರ್ ಷೆಫೀಲ್ಡ್‌ನ ಚಾರ್ಲ್ಸ್ ಹಸ್ಬೆಂಡ್. ಇದನ್ನು ಮೇಲೆ ಕೆಳಗೆ ವಾಲಿಸುವ ಹಲ್ಲುಚಕ್ರಗಳ ಭಾಗಗಳು ಬಂದದ್ದು ರಾಯಲ್ ಸಾವರಿನ್, ರಿವೆಂಜ್ ಎಂಬ ಗುಜರಿಗೆ ಬಿದ್ದ ಯುದ್ಧನೌಕೆಗಳ ಫಿರಂಗಿ ಗೋಪುರಗಳಿಂದ. ನನಗಂತೂ ಇಡೀ ಕಥೆಯಲ್ಲಿ ಇಷ್ಟವಾದದ್ದು ಇದೇ.

ಖರ್ಚು ಮಾತ್ರ ಅಂದಾಜು ಮೀರಿತು. ಸಾಲದ ತಲೆನೋವು, ಸಂಸತ್ತಿನಲ್ಲಿ ಟೀಕೆ. ಅಷ್ಟರಲ್ಲಿ 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿತು. ಅದನ್ನು ಹೊತ್ತೊಯ್ದ ರಾಕೆಟ್ಟನ್ನು ರೇಡಾರ್‌ನಿಂದ ಹಿಂಬಾಲಿಸಿದ್ದು ಆಗಷ್ಟೇ ಎದ್ದುನಿಂತಿದ್ದ ಈ ಬಟ್ಟಲು. ಬೈದವರೇ ಬೆನ್ನು ತಟ್ಟಿದರು. ಆದರೂ ಸಾಲ ಪೂರ್ತಿ ತೀರಿದ್ದು 1960ರಲ್ಲಿ, ಮೋರಿಸ್ ಕಾರಿನ ಲಾರ್ಡ್ ನಫೀಲ್ಡ್ ಹಣ ಕೊಟ್ಟಮೇಲೆ. 2019ರಲ್ಲಿ ಜೋಡ್ರೆಲ್ ಬ್ಯಾಂಕ್ ಯುನೆಸ್ಕೋ ಪಟ್ಟಿ ಸೇರಿತು, ನಮ್ಮ ಹಂಪಿ ಇರುವ ಅದೇ ಪಟ್ಟಿ.

ದೂರದರ್ಶಕ ಈಗಲೂ ಕೆಲಸದಲ್ಲಿದೆ. ಆದ್ದರಿಂದ ಅಲ್ಲಿ ಮೊಬೈಲ್ ಆಫ್ ಮಾಡಿಸುತ್ತಾರೆ. ನಕ್ಷತ್ರಲೋಕದಿಂದ ಬರುವ ಅಲೆ ಎಷ್ಟು ಕ್ಷೀಣವೆಂದರೆ ಜೇಬಿನ ಫೋನೇ ಅದನ್ನು ಮುಳುಗಿಸಿಬಿಡುತ್ತದೆ. ಹದಿಹರೆಯದವರು ಗೊಣಗಬಹುದು; 1945ರ ಟ್ರಾಮ್ ಕಥೆ ಹೇಳಲು ಅದೇ ಸರಿಯಾದ ಹೊತ್ತು. ಪಕ್ಕದಲ್ಲೇ ಮರಗಳ ತೋಟವಿದೆ, ಪುಟ್ಟ ಮಕ್ಕಳಿಗೆ ಓಡಲು ಜಾಗ ಬೇಕಾದಷ್ಟು.

ಇಂಥ ನಿಶ್ಶಬ್ದ ಹುಡುಕಿಕೊಂಡು ಹೋದವರು ನಮ್ಮಲ್ಲೂ ಇದ್ದಾರೆ. ಬೆಂಗಳೂರಿನ ಉತ್ತರಕ್ಕೆ, ಗೌರಿಬಿದನೂರಿನ ಬಳಿ, 1970ರ ದಶಕದಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ರೇಡಿಯೋ ದೂರದರ್ಶಕ ಕಟ್ಟಿದವು. ಅಲ್ಲಿ ಬಟ್ಟಲು ಇರಲಿಲ್ಲ. ಕಂಬಗಳ ಮೇಲೆ ತಂತಿಯ 1000 ಆಂಟೆನಾಗಳು, ಇಂಗ್ಲಿಷಿನ ‘ಟಿ’ ಅಕ್ಷರದಂತೆ ಬಯಲಲ್ಲಿ ಹರಡಿದ್ದವು. ಅದರ ಪೂರ್ವ–ಪಶ್ಚಿಮ ತೋಳೊಂದೇ 1.4 ಕಿ.ಮೀ. ಉದ್ದ.