ಜೋಡಿ ಶಾಕಪ್

ಯಾದಗಿರಿಯಿಂದ ಶಹಾಪುರಕ್ಕೆ ಹೋಗುವವರು ಭೀಮೆಯನ್ನು ದಾಟಬೇಕು. ಸೇತುವೆಯ ಜೋಡುಗಳ ಮೇಲೆ ಗಾಲಿ ಹಾಯ್ದಾಗಲೆಲ್ಲ ನಮ್ಮ ಮಾರುತಿ 800ರ ಮುಂದಿನ ಎಡಗಡೆಯಿಂದ ‘ಕಟ್’ ಎಂದು ಸದ್ದು ಬರತೊಡಗಿ ಒಂದು ಮಳೆಗಾಲ ಕಳೆದಿತ್ತು. ಹಿಂದಿನ ಸೀಟಿನಲ್ಲಿ ಕೂತ ಅವ್ವ ಪ್ರತಿ ಸಲವೂ ಮುಂದಿನ ಸೀಟಿನ ಬೆನ್ನು ಹಿಡಿದುಕೊಳ್ಳುತ್ತಿದ್ದಳು. ಒಂದು ದಿನ ಮೆಲ್ಲಗೆ ಅಂದಳು: “ಯಪ್ಪಾ, ಗಾಡಿನೂ ನನ್ನಂಗ ಹಣ್ಣಾಗ್ಯಾದ. ಅದರ ಮೊಣಕಾಲೂ ನೋಯ್ತಾವೇನೋ.”

ಅಪ್ಪ ಈ ಗಾಡಿ ಕೊಂಡದ್ದು 2003ರಲ್ಲಿ. ಆಗ ಯಾದಗಿರಿ ಇನ್ನೂ ಕಲಬುರಗಿ ಜಿಲ್ಲೆಯ ಒಂದು ತಾಲೂಕು. ಇದರ ಫಲಕದ ಮೇಲೆ ಕಲಬುರಗಿಯ ಕೆ.ಎ. 32 ಇದೆ, ಈಗಿನ ಯಾದಗಿರಿಯ ಗಾಡಿಗಳಿಗೆ 33. ಅಪ್ಪ ಹೋದ ಮೇಲೂ ಗಾಡಿ ಉಳಿಯಿತು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು. ಮರುವರ್ಷ ಅದನ್ನೂ ಕಟ್ಟಿದೆ. ಮಾರಿಬಿಡು ಅಂದವರು ಬಹಳ. ಆದರೆ ಇಂಜಿನ್ ಚೊಕ್ಕಟ ಇತ್ತು, ತಗಡಿಗೆ ತುಕ್ಕು ಹಿಡಿದಿರಲಿಲ್ಲ. ಒಂದು ಕೀಲು ಸವೆದದ್ದಕ್ಕೆ ಇಡೀ ಗಾಡಿಯನ್ನು ಗುಜರಿಗೆ ಹಾಕಲು ಮನಸ್ಸು ಒಪ್ಪಲಿಲ್ಲ.

ಶಹಾಪುರದಲ್ಲಿ ನಮ್ಮ ಗಾಡಿ ನೋಡುವ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಊರಿಗೆಲ್ಲ ಅವರು ಉಸ್ತಾದರು. ಬಂದವರೇ ಬಾನೆಟ್ಟಿನ ಮೂಲೆಯ ಮೇಲೆ ಎರಡೂ ಕೈಯೂರಿ ಒತ್ತಿ ಬಿಟ್ಟರು. ಒಮ್ಮೆ ಎದ್ದು ನಿಲ್ಲಬೇಕಾದ ಗಾಡಿ ಮೂರು ಸಲ ತೂಗಿತು. ಕೆಳಗೆ ಬಗ್ಗಿ ಗಾಲಿಯ ಹಿಂದೆ ಕೈಯಾಡಿಸಿ, ಬೆರಳಿಗೆ ಹತ್ತಿದ ಎಣ್ಣೆ ತೋರಿಸಿದರು.

“ಶಾಕಪ್ ಹೋಗ್ಯಾದ ಮಾಸ್ತರ. ಸ್ಪ್ರಿಂಗ್ ಗಾಡಿನ್ನ ಹೊರ್ತದ, ಶಾಕಪ್ ಸ್ಪ್ರಿಂಗಿನ್ನ ಹಿಡೀತದ. ಹಿಡಿಯೋ ಕೈ ಸೋತ್ರ ಸ್ಪ್ರಿಂಗ್ ಕುಣಿತಾನೇ ಇರ್ತದ.”

ಪುಸ್ತಕಗಳೂ ಹೇಳುವುದು ಇದನ್ನೇ. ಸುರುಳಿ ಸ್ಪ್ರಿಂಗಿನ ನಡುವೆ ಎಣ್ಣೆ ತುಂಬಿದ ಒಂದು ಕೊಳವೆ, ಅದರೊಳಗೆ ಮೇಲೆ ಕೆಳಗೆ ಓಡುವ ಒಂದು ದಂಡ. ದಂಡ ಚಲಿಸಬೇಕಾದರೆ ಎಣ್ಣೆ ಸಣ್ಣ ತೂತುಗಳಲ್ಲಿ ನುಸುಳಬೇಕು. ಆ ತಿಣುಕಾಟದಲ್ಲಿ ಕುಣಿತದ ಶಕ್ತಿ ಶಾಖವಾಗಿ ಕರಗುತ್ತದೆ. ಕೊಳವೆಯ ಬಾಯಿಯ ಸೀಲು ಹರಿದರೆ ಎಣ್ಣೆ ಸೋರುತ್ತದೆ, ತಡೆ ಇಲ್ಲವಾಗುತ್ತದೆ. ಹಳೆಯ ಸವಾರಿ ಬಂಡಿಗಳ, ಲಾರಿಗಳ ಕಮಾನು ಪಟ್ಟಿಗೆ ಈ ಕಷ್ಟ ಕಡಿಮೆ. ಒಂದರ ಮೇಲೊಂದು ಕೂತ ಪಟ್ಟಿಗಳು ತಮ್ಮತಮ್ಮಲ್ಲೇ ಉಜ್ಜಿಕೊಂಡು ಕುಣಿತವನ್ನು ಅಷ್ಟಿಷ್ಟು ಅಡಗಿಸುತ್ತವೆ. ಸುರುಳಿ ಸ್ಪ್ರಿಂಗಿಗೆ ಆ ಗುಣವಿಲ್ಲ. ಅದಕ್ಕೆ ಜೊತೆಗಾರ ಬೇಕೇ ಬೇಕು.

ಸ್ಪ್ರಿಂಗು, ಶಾಕಪ್ ಎರಡನ್ನೂ ಸೇರಿಸಿ ಗಾಲಿಯನ್ನೇ ಹಿಡಿದು ನಿಲ್ಲಿಸುವ ಒಂದು ಕಂಬವಾಗಿ ಮಾಡಿದವನು ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್. 1947ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. 1950ರಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸಲ್ ಕಾರಿನಲ್ಲಿ ಅದು ರಸ್ತೆಗೆ ಬಂತು. ಬಿಡಿಭಾಗ ಕಡಿಮೆ, ಜಾಗವೂ ಕಡಿಮೆ ಸಾಕು. ಹೀಗಾಗಿ ಜಗತ್ತಿನ ಬಹುಪಾಲು ಸಣ್ಣ ಕಾರುಗಳು ಅದನ್ನೇ ಒಪ್ಪಿಕೊಂಡವು. ಅಂಗಡಿಯವರು ಸ್ಟ್ರಟ್ ಅನ್ನುವುದು ಇದಕ್ಕೇ. ಈ ಕಂಬ ಸಡಿಲಾದರೆ ಬರೀ ಕುಲುಕಾಟದಿಂದ ಮುಗಿಯುವುದಿಲ್ಲ. ಟಯರು ಅಲ್ಲಲ್ಲಿ ತಟ್ಟೆಯಂತೆ ತಗ್ಗಾಗಿ ಸವೆಯುತ್ತದೆ, ಸ್ಟೇರಿಂಗ್ ನಡುಗುತ್ತದೆ, ಬ್ರೇಕ್ ಹಾಕಿದಾಗ ಮೂಗು ನೆಲಕ್ಕೆ ಬಾಗಿ ಗಾಡಿ ತಡವಾಗಿ ನಿಲ್ಲುತ್ತದೆ.

ನಮ್ಮ ನೆಲಕ್ಕೂ ಇದರಲ್ಲಿ ಪಾಲಿದೆ. ಶಹಾಪುರ, ಸುರಪುರದ ಸುತ್ತ ಎರೆಭೂಮಿ. ಮಳೆ ಬಿದ್ದರೆ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಹತ್ತಿಗೆ ಜೀವ ಕೊಡುವ ಆ ಗುಣವೇ ಡಾಂಬರಿಗೆ ಶತ್ರು. ಬುಡದ ಮಣ್ಣು ಉಸಿರಾಡಿದಂತೆ ಏರಿಳಿದರೆ ಮೇಲಿನ ರಸ್ತೆ ಎಷ್ಟು ದಿನ ಸಮನಾಗಿರಬಲ್ಲದು? ಕೃಷ್ಣೆಯ ಕಾಲುವೆ ಬಂದ ಮೇಲೆ ಭತ್ತ ಬಂತು, ಭತ್ತದ ಹಿಂದೆ ಲಾರಿ ಬಂದವು. ತಗ್ಗುಗಳು ಆಳವಾದವು. ಸಣ್ಣ ಗಾಡಿಯ ಸಣ್ಣ ಶಾಕಪ್ ಇದೆಲ್ಲದರ ಲೆಕ್ಕವನ್ನು ಮೌನವಾಗಿ ತೀರಿಸುತ್ತಿರುತ್ತದೆ.

ಶಾಕಪ್ ಹುಡುಕಿಕೊಂಡು ಯಾದಗಿರಿ, ಸುರಪುರ, ಶಹಾಪುರ ಮೂರೂ ಊರು ಸುತ್ತಿದೆ. ಯಾದಗಿರಿಯ ಒಂದು ಅಂಗಡಿಯಲ್ಲಿ ತೀರ ಅಗ್ಗದ ಜೋಡಿ ಸಿಕ್ಕಿತು. ಡಬ್ಬಿ ದೊಡ್ಡ ಕಂಪನಿಯದರಂತೆಯೇ ಇತ್ತು. ಆದರೆ ಅಕ್ಷರ ಮಸುಕು, ಮಾಲಿನ ಮೇಲೆ ತಯಾರಾದ ತಿಂಗಳಿಲ್ಲ, ಬಿಲ್ ಕೊಡುವುದಿಲ್ಲ ಎಂದರು. ವಾಪಸು ಇಟ್ಟು ಬಂದೆ. ಸುರಪುರದ ಗುಜರಿಯಲ್ಲಿ ಒಡೆದ 800 ಒಂದರಿಂದ ಬಿಚ್ಚಿದ ಸ್ಟ್ರಟ್ ಇತ್ತು. ಹೊರಗಿಂದ ಒಣಗಿತ್ತು. ಉಸ್ತಾದರಿಗೆ ಫೋನ್ ಮಾಡಿದೆ. ದಂಡವನ್ನು ಪೂರ್ತಿ ಒಳಗೆ ಒತ್ತಿ ಬಿಡಿರಿ, ಮೇಲಿನ ಹೊಳಪಿನ ಮೇಲೆ ಉಗುರು ಎಳೆಯಿರಿ ಅಂದರು. ಉಗುರಿಗೆ ಸಣ್ಣ ಸಣ್ಣ ಕುಳಿ ತಾಗಿದವು. ಅಂಥ ಕುಳಿ ಹೊಸ ಸೀಲನ್ನೂ ಕೆಲವೇ ತಿಂಗಳಲ್ಲಿ ಹರಿಯುತ್ತದಂತೆ. ಅದನ್ನೂ ಬಿಟ್ಟೆ.

ಉಳಿದದ್ದು ರಿಪೇರಿ. ನಮ್ಮ ಹಳೆಯ ಶಾಕಪ್ಪನ್ನೇ ಬಿಚ್ಚಿ, ಸೀಲು ಬದಲಿಸಿ, ಎಣ್ಣೆ ತುಂಬಿ ಕೊಡುವವರು ಈಗಲೂ ಇದ್ದಾರೆ. ಖರ್ಚು ಅರ್ಧಕ್ಕಿಂತ ಕಡಿಮೆ. ಆ ಮಾತು ತೆಗೆದಾಗ ಉಸ್ತಾದರು ತಲೆಯಾಡಿಸಿದರು.

“ಮಾಡ್ಸಿ ಕೊಡ್ತೀನಿ, ನನಗೇನೂ ಲುಕ್ಸಾನಿಲ್ಲ. ಆದ್ರ ಆರು ತಿಂಗಳಿಗೆ ಮತ್ತ ಬರ್ತೀರಿ, ನನ್ನ ಮಜೂರಿನೂ ಮತ್ತ ಕೊಡ್ತೀರಿ. ಮುದಿ ತಾಯಿ ಕೂಡೋ ಗಾಡಿ. ಕಂಪನಿ ಮಾಲ್ ಹಾಕ್ರಿ. ಒಂದ ಬ್ಯಾಡ, ಜೋಡಿ ಹಾಕ್ರಿ.”

ಎಡದ್ದು ಮಾತ್ರ ಸೋರಿತ್ತು, ಆದರೂ ಜೋಡಿ ಏಕೆ? ಒಂದು ಹೊಸದು, ಒಂದು ಹಳೆಯದು ಆದರೆ ಒಂದೇ ತಗ್ಗಿಗೆ ಎರಡು ಗಾಲಿ ಎರಡು ರೀತಿ ಉತ್ತರ ಕೊಡುತ್ತವೆ. ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ. ಹೊಸ ಎತ್ತನ್ನು ದಣಿದ ಎತ್ತಿನ ಜೊತೆ ನೊಗಕ್ಕೆ ಕಟ್ಟಿದರೆ ಸಾಲು ಸೊಟ್ಟಗಾಗುವುದು ರೈತರಿಗೆ ಗೊತ್ತು.

ಕೊನೆಗೆ ಶಹಾಪುರದಲ್ಲೇ, ಸೇಂಗಾ ಬುಟ್ಟಿಗಳ ಪಕ್ಕದ ಒಂದು ಪುಟ್ಟ ಅಂಗಡಿಯಲ್ಲಿ, 1961ರಿಂದ ಇದೇ ಕಸುಬು ಮಾಡುತ್ತಿರುವ ಗೇಬ್ರಿಯಲ್ ಕಂಪನಿಯ ಜೋಡಿ ಸಿಕ್ಕಿತು. ಎಡದ್ದು ಬೇರೆ, ಬಲದ್ದು ಬೇರೆ. ಡಬ್ಬಿಯ ಮೇಲಿನ ಸಂಖ್ಯೆಯನ್ನು ಹಳೆಯದರ ಜೊತೆ ತಾಳೆ ನೋಡಿಯೇ ತೆಗೆದುಕೊಂಡೆ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿದದ್ದೂ ಕೈಗೆ ಹಗುರಾಯಿತು. ಮೇಲಿನ ಮೌಂಟಿಂಗ್, ಬೇರಿಂಗ್, ರಬ್ಬರಿನ ಸ್ಟಾಪರ್, ಧೂಳು ತಡೆಯುವ ಕವರ್ ಕೂಡ ತಂದೆ. ಆ ‘ಕಟ್’ ಸದ್ದು ಹರಿದ ಮೌಂಟಿಂಗಿನದೇ ಆಗಿತ್ತು. ಇಷ್ಟು ಸಣ್ಣ ಖರ್ಚಿಗೆ ಕೈ ಹಿಡಿದು, ಹೊಸ ಶಾಕಪ್ಪಿನ ಮೇಲೆ ಹರಿದ ರಬ್ಬರು ಕೂರಿಸಿದರೆ ಕೆಲಸ ಮುಗಿದಂತಲ್ಲ.

ಹತ್ತು ವರ್ಷಕ್ಕೂ ಹಿಂದೆ ಬಂದಾದ ಕಾರಿನ ಸಾಮಾನು ಶಹಾಪುರದ ಸಣ್ಣ ಅಂಗಡಿಯಲ್ಲಿ ಇರುವುದಾದರೂ ಹೇಗೆ? ಮಾರುತಿ 800 ಬಂದದ್ದು 1983ರ ಡಿಸೆಂಬರಿನಲ್ಲಿ, ನಿಂತದ್ದು 2014ರ ಜನವರಿಯಲ್ಲಿ. ಆ ಮೂವತ್ತು ವರ್ಷದಲ್ಲಿ 25 ಲಕ್ಷಕ್ಕೂ ಹೆಚ್ಚು ಗಾಡಿ ತಯಾರಾದವು. ಬಹಳ ಮಂದಿಯ ಹತ್ತಿರ ಇರುವ ವಸ್ತುವಿನ ಬಿಡಿಭಾಗವನ್ನು ಬಹಳ ಮಂದಿ ಮಾಡುತ್ತಾರೆ. ಬಹಳ ಮಂದಿ ಮಾಡಿದ್ದು ಅಗ್ಗಕ್ಕೆ ಸಿಗುತ್ತದೆ. ಕೆಲವೇ ಸಾವಿರ ಮಾರಾಟವಾಗಿ ಮರೆಯಾದ ಕಾರುಗಳ ಮಾಲೀಕರು ಬೆಂಗಳೂರಿನ ಜೆ.ಸಿ. ರಸ್ತೆಯವರೆಗೋ, ಹೈದರಾಬಾದಿನವರೆಗೋ ಅಲೆಯಬೇಕಾಗುತ್ತದೆ. ಬಿಡಿಭಾಗ ಸಿಗುವ ತನಕ ಗಾಡಿ ಹಳೆಯದಾಗಿರುತ್ತದೆ, ಅಷ್ಟೇ. ಸಿಗದ ದಿನ ಅದು ಸಾಯುತ್ತದೆ.

ಉಸ್ತಾದರು ಜೋಡಿಸುವುದನ್ನು ಪಕ್ಕದಲ್ಲಿ ನಿಂತು ನೋಡಿದೆ. ಮೊದಲು ಸ್ಪ್ರಿಂಗಿಗೆ ಎರಡೂ ಕಡೆ ಕ್ಲಾಂಪ್ ಹಾಕಿ, ಸರತಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿದರು. ಅದನ್ನು ಒತ್ತಿ ಹಿಡಿಯದೆ ಮೇಲಿನ ನಟ್ಟು ಬಿಚ್ಚಿದರೆ ಸ್ಪ್ರಿಂಗ್ ಸಿಡಿದು ಜೀವ ತೆಗೆಯಬಲ್ಲದು. ಕೈಕೆಲಸದ ಹುಡುಗನನ್ನು ದೂರ ನಿಲ್ಲಿಸಿಯೇ ಪಾನ ತಿರುಗಿಸಿದರು. ಮಧ್ಯಾಹ್ನದ ಹೊತ್ತಿಗೆ ಎರಡೂ ಕಡೆ ಮುಗಿಯಿತು. ಅಲೈನ್‌ಮೆಂಟ್ ಮಾಡಿಸದೆ ದೂರ ಹೋಗಬೇಡಿರಿ ಎಂದು ಎರಡು ಸಲ ಹೇಳಿದರು.

ಮುಂದಿನ ಸೋಮವಾರ ಅವ್ವನನ್ನು ಕೂರಿಸಿಕೊಂಡು ಕೃಷ್ಣೆಯ ದಡದ ತಿಂಥಣಿಯ ಮೌನೇಶ್ವರನ ಗುಡಿಗೆ ಹೊರಟೆ. ಭೀಮೆಯ ಸೇತುವೆಯ ಮೇಲೆ ಸದ್ದಿರಲಿಲ್ಲ. ಶಹಾಪುರದಲ್ಲಿ ಮಲಗಿದ ಬುದ್ಧನ ಬೆಟ್ಟ ಎಂದಿನಂತೆ ಆಕಾಶಕ್ಕೆ ಮುಖ ಮಾಡಿ ಮಲಗಿತ್ತು. ಸುರಪುರದ ಗುಡ್ಡದ ತಿರುವಿನಲ್ಲಿ ಕನ್ನಡಿಯಲ್ಲಿ ನೋಡಿದೆ: ಅವ್ವನ ಕೈ ಸೀಟಿನ ಬೆನ್ನ ಮೇಲಿರಲಿಲ್ಲ, ಮಡಿಲಲ್ಲಿತ್ತು. ನಿದ್ದೆ ಹತ್ತಿತ್ತು. ಕೃಷ್ಣೆ ಬರುವ ತನಕ ಎಬ್ಬಿಸಲಿಲ್ಲ.

ಹಳೆಯ ಗಾಡಿ ಇಟ್ಟುಕೊಂಡವರಿಗೆ ನನ್ನದೊಂದು ಬಿನ್ನಹ. ಎಲ್ಲಕ್ಕಿಂತ ಕಡಿಮೆ ಬೆಲೆಯದನ್ನು ಅಗ್ಗ ಎಂದುಕೊಳ್ಳಬೇಡಿ. ಮತ್ತೆ ಮತ್ತೆ ಬಿಚ್ಚಿಸದೆ ಬಾಳುವುದೇ ನಿಜವಾದ ಅಗ್ಗ. ಸಂಖ್ಯೆ ತಾಳೆ ನೋಡಿ, ಬಿಲ್ ಇಸಿದುಕೊಳ್ಳಿ, ಹಾಕಿಸುವುದಾದರೆ ಜೋಡಿಯನ್ನೇ ಹಾಕಿಸಿ. ನಿಮ್ಮೂರಲ್ಲಿ ನಿಜ ಹೇಳುವ ಒಬ್ಬ ಉಸ್ತಾದರಿದ್ದರೆ ಅವರ ಮಜೂರಿಯಲ್ಲಿ ಚೌಕಾಸಿ ಮಾಡಬೇಡಿ.